ಲ್ಯಾಪ್‌ಟಾಪಿಗೂ ಬೇಕು ಒಂದು ಕಪಾತು

ನಾನು ರೈಟರ್. ಕಥೆ ಬರೆಯುವ ರೈಟರ್ ಅಲ್ಲ, ಕಾಫಿ ತೋಟದ ರೈಟರ್. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಬೆಳಿಗ್ಗೆ ಚೆಕ್‌ರೋಲ್‌ನಲ್ಲಿ ಕೆಲಸದವರ ಹಾಜರಿ ಹಾಕುವುದು, ಕುಯ್ಲಿನ ಕಾಲದಲ್ಲಿ ಯಾರ ಚೀಲ ಎಷ್ಟು ಕೆ.ಜಿ. ತೂಗಿತು ಅಂತ ಬರೆದುಕೊಳ್ಳುವುದು, ವಾರದ ಕೊನೆಗೆ ಬಟವಾಡೆ ಲೆಕ್ಕ ಕೂಡಿಸುವುದು, ಇಷ್ಟು ನನ್ನ ಕೆಲಸ. ನಾಪೋಕ್ಲು ಕಡೆ ತೋಟ. ಎರಡು ವರ್ಷದ ಹಿಂದೆ ಸಾಹುಕಾರರು "ಈ ದಪ್ಪ ಪುಸ್ತಕಗಳು ಸಾಕು ಮಾರಾಯ" ಅಂತ ಒಂದು ತೆಳ್ಳನೆಯ ಲ್ಯಾಪ್‌ಟಾಪ್ ತಂದುಕೊಟ್ಟರು. ತೂಕ ಒಂದು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ, ಕಂಕುಳಲ್ಲಿ ಸಿಕ್ಕಿಸಿಕೊಂಡು ಕಣಕ್ಕೂ ಹೋಗಬಹುದು. ಒಳಗೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ವಿಂಡೋಸ್ 11.

ಆರು ತಿಂಗಳಿಗೆ ಅದು ಏದುಸಿರು ಬಿಡತೊಡಗಿತು. ಆನ್ ಮಾಡಿ ಕಾಫಿ ಕುಡಿದು ಬಂದರೂ ಚಕ್ರ ತಿರುಗುತ್ತಲೇ ಇರುತ್ತಿತ್ತು. ಮೂಲೆಯಲ್ಲಿ ದಿನಕ್ಕೆರಡು ಸಲ "ಜಾಗ ಕಡಿಮೆ ಇದೆ" ಅನ್ನುವ ಗೋಳು. ಹೊಸದು ಕೊಳ್ಳಿ ಅಂತ ಸಾಹುಕಾರರಿಗೆ ಹೇಳುವ ಧೈರ್ಯ ನನಗಿಲ್ಲ, ಹಾಗಾಗಿ ಕಾಫಿ ಗಿಡಕ್ಕೆ ಕಪಾತು ಮಾಡುವ ಹಾಗೆ, ಅಂದರೆ ಬೇಡದ ಕೊಂಬೆ ಕತ್ತರಿಸುವ ಹಾಗೆ, ಬೇಡದ್ದನ್ನೆಲ್ಲ ತೆಗೆಯಲು ಕೂತೆ. ಕೆಲವನ್ನು ಸರಿಯಾಗಿ ತೆಗೆದೆ, ಒಂದೆರಡು ಕಡೆ ಕೈ ಸುಟ್ಟುಕೊಂಡೆ. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ಪುಟ್ಟ ಲ್ಯಾಪ್‌ಟಾಪ್ ಮಕ್ಕಳ ಓದಿಗೆ, ಹೋಂಸ್ಟೇ ಬುಕಿಂಗಿಗೆ, ಅಂಗಡಿ ಲೆಕ್ಕಕ್ಕೆ ಅಂತ ತುಂಬಾ ಮನೆಗಳಲ್ಲಿದೆ ಅಲ್ವಾ, ಅವರಿಗೆ ಇದು.

ಮೊದಲು ಜಾಗದ ಲೆಕ್ಕ

ಡಬ್ಬಿಯ ಮೇಲೆ 64 ಅಂತ ಇದ್ದರೂ ವಿಂಡೋಸ್ ತೋರಿಸುವುದು 60ಕ್ಕಿಂತ ಕಡಿಮೆ. ಇದರಲ್ಲಿ ಯಾರೂ ಮೋಸ ಮಾಡಿಲ್ಲ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಹಿಂದೆ ಊರಿಗೊಂದು ಸೇರು ಇತ್ತಲ್ಲ, ಹಾಗೆ. ಅದರ ಮೇಲೆ ರಿಪೇರಿಗೆ ಬೇಕಾದ ಗುಪ್ತ ಭಾಗ ಒಂದಿಷ್ಟು, ವಿಂಡೋಸ್ ತಾನೇ 20 ಜಿಬಿಗಿಂತ ಜಾಸ್ತಿ. ನಿಮಗೆ ಅಂತ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಆಚೀಚೆ. ವಿಂಡೋಸ್ 11 ನಡೆಯಲು ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಅಳತೆಯೇ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಜಾಗ. ಅಂದರೆ ಇಂಥ ಲ್ಯಾಪ್‌ಟಾಪ್ ಹುಟ್ಟುವಾಗಲೇ ಬೇಲಿಯ ಅಂಚಿನಲ್ಲಿ ನಿಂತಿರುತ್ತದೆ. ಇನ್ನೊಂದು ಸಂಗತಿ, ಈ ಅಗ್ಗದ ಮಾದರಿಗಳಲ್ಲಿ ಇರುವುದು ಹೆಚ್ಚಾಗಿ ಇಎಂಎಂಸಿ ಅನ್ನುವ ಚಿಪ್. ಅದು ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಬಿಚ್ಚಿ ದೊಡ್ಡದು ಹಾಕಿಸಲು ಆಗುವುದಿಲ್ಲ. ಆದ್ದರಿಂದ ಇದ್ದುದರಲ್ಲೇ ಜಾಗ ಮಾಡಿಕೊಳ್ಳಬೇಕು. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದಾಗ ತೊಂದರೆ ಆಗದಿರಲು ನಾನು ಯಾವತ್ತೂ 10 ಜಿಬಿಯಾದರೂ ಖಾಲಿ ಇಡುತ್ತೇನೆ.

ಎಷ್ಟು ತುಂಬಿದೆ ಅಂತ ನೋಡಲು ವಿಂಡೋಸ್ ಕೀ ಜೊತೆ ಐ ಒತ್ತಿ. ಸೆಟ್ಟಿಂಗ್ಸ್ ತೆರೆಯುತ್ತದೆ. ಸಿಸ್ಟಮ್, ಅದರೊಳಗೆ ಸ್ಟೋರೇಜ್. ಮೆನುಗಳ ಹೆಸರು ನಿಮ್ಮಲ್ಲಿ ಒಂದೆರಡು ಕಡೆ ಸ್ವಲ್ಪ ಬೇರೆ ಇದ್ದರೆ ಗಾಬರಿ ಬೇಡ, ಅಪ್‌ಡೇಟ್ ಬಂದ ಹಾಗೆ ಅವರು ಬದಲಾಯಿಸುತ್ತಲೇ ಇರುತ್ತಾರೆ.

ಕೈ ಹಾಕುವ ಮುಂಚೆ

ಮುಖ್ಯವಾದ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿ. ಸುಮ್ನೆ ಹೇಳುತ್ತಿಲ್ಲ, ಕೆಳಗೆ ಕಾರಣ ಬರುತ್ತದೆ. ಚಾರ್ಜರ್ ಸಿಕ್ಕಿಸಿ, ಬ್ಯಾಟರಿ ತುಂಬಿರಲಿ. ಕಕ್ಕಡದ, ಅಂದರೆ ಜುಲೈ ಆಗಸ್ಟ್ ಹೊತ್ತಿನ ಮಳೆಯಲ್ಲಿ ನಮ್ಮ ಕಡೆ ಮರ ಲೈನಿನ ಮೇಲೆ ಬಿತ್ತು ಅಂದರೆ ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು, ಅರ್ಧ ತೆಗೆದ ಪ್ರೋಗ್ರಾಮ್ ಇಟ್ಟುಕೊಂಡು ಕತ್ತಲಲ್ಲಿ ಕೂರುವ ಹಾಗೆ ಆಗಬಾರದು. ಒಂದು ನೋಟ್‌ಬುಕ್ ಪಕ್ಕದಲ್ಲಿರಲಿ. ಏನು ತೆಗೆದಿರಿ, ಯಾವ ದಿನ ತೆಗೆದಿರಿ ಅಂತ ಬರೆಯುತ್ತಾ ಹೋಗಿ. ಒಂದೇ ದಿನ ಇಪ್ಪತ್ತು ತೆಗೆದು, ಮರುದಿನ ಪ್ರಿಂಟರ್ ಕೆಲಸ ಮಾಡದಿದ್ದರೆ ಯಾವುದರಿಂದ ಅಂತ ಹುಡುಕುವುದು ಕಷ್ಟ. ನಾಲ್ಕು ತೆಗೆಯಿರಿ, ರೀಸ್ಟಾರ್ಟ್ ಮಾಡಿ, ಒಂದು ದಿನ ಬಳಸಿ ನೋಡಿ, ಆಮೇಲೆ ಮುಂದಿನ ನಾಲ್ಕು.

ಸ್ಟಾರ್ಟ್ ಮೆನುವಿನಲ್ಲಿ ರಿಸ್ಟೋರ್ ಪಾಯಿಂಟ್ ಅಂತ ಟೈಪ್ ಮಾಡಿದರೆ ಒಂದು ಹಳೆಯ ಕಾಲದ ಕಿಟಕಿ ತೆರೆಯುತ್ತದೆ. ಅಲ್ಲಿ ಸಿಸ್ಟಮ್ ಪ್ರೊಟೆಕ್ಷನ್ ಆನ್ ಮಾಡಿ, ಸ್ವಲ್ಪ ಜಾಗ ಕೊಟ್ಟು, ಒಂದು ಪಾಯಿಂಟ್ ಮಾಡಿಟ್ಟುಕೊಳ್ಳಿ. ಡ್ರೈವರ್, ಅಂದರೆ ಟಚ್‌ಪ್ಯಾಡ್, ಪ್ರಿಂಟರ್ ಥರದ್ದನ್ನು ನಡೆಸುವ ಪ್ರೋಗ್ರಾಮ್, ತೆಗೆದು ಕೆಟ್ಟರೆ ಹಿಂದಕ್ಕೆ ಹೋಗಬಹುದು. ಆದರೆ ಅದು ನಿಮ್ಮ ಫೈಲುಗಳ ಬ್ಯಾಕಪ್ ಅಲ್ಲ.

ಹಾಗೇ ನಿಮ್ಮದು ಎಸ್ ಮೋಡ್ ಏನೋ ನೋಡಿ. ಸಿಸ್ಟಮ್ ಒಳಗೆ ಆ್ಯಕ್ಟಿವೇಷನ್‌ನಲ್ಲಿ ಗೊತ್ತಾಗುತ್ತದೆ. ಎಸ್ ಮೋಡ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್ ಬಿಟ್ಟರೆ ಬೇರೆ ಯಾವುದೂ ಕೂರುವುದಿಲ್ಲ. ಅದರಿಂದ ಹೊರಬರಲು ದುಡ್ಡು ಬೇಕಿಲ್ಲ, ಆದರೆ ಒಮ್ಮೆ ಹೊರಬಂದರೆ ಮತ್ತೆ ಒಳಗೆ ಹೋಗಲು ಆಗುವುದಿಲ್ಲ. ಬರೀ ಬ್ರೌಸರ್ ನೋಡುವ ಮಗುವಿನ ಲ್ಯಾಪ್‌ಟಾಪ್ ಆದರೆ ಅದರಲ್ಲೇ ಇರಲಿ, ಕಸ ಸೇರುವುದೇ ಕಡಿಮೆ.

ಪಟ್ಟಿ ತೆರೆದು ಒಂದೊಂದಾಗಿ

ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ಇನ್‌ಸ್ಟಾಲ್ಡ್ ಆ್ಯಪ್ಸ್. ಮೇಲೆ ಸಾರ್ಟ್ ಅಂತ ಇರುವಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಅಂತ ಜೋಡಿಸಿಕೊಳ್ಳಿ. ಪ್ರತಿ ಹೆಸರಿನ ಬಲಗಡೆ ಮೂರು ಚುಕ್ಕಿ ಇದೆ, ಅದನ್ನು ಒತ್ತಿದರೆ ಅನ್‌ಇನ್‌ಸ್ಟಾಲ್.

ಧೈರ್ಯವಾಗಿ ತೆಗೆಯಬಹುದಾದವು ಇವು: ಸಾಲಿಟೇರ್, ಎಕ್ಸ್‌ಬಾಕ್ಸ್, ವಿಡಿಯೋ ಕತ್ತರಿಸುವ ಕ್ಲಿಪ್‌ಚಾಂಪ್, ನ್ಯೂಸ್, ಲಿಂಕ್ಡ್‌ಇನ್, ನೀವು ಬಳಸದಿದ್ದರೆ ಟೀಮ್ಸ್, ಕೋಪೈಲಟ್, ಲ್ಯಾಪ್‌ಟಾಪ್ ಕಂಪನಿಯವರು ತುರುಕಿದ ಶಾಪಿಂಗ್ ಮತ್ತು ಫೋಟೋ ಆಲ್ಬಮ್‌ಗಳು. ಮುಂದೆ ಬೇಕು ಅನ್ನಿಸಿದರೆ ಇವುಗಳಲ್ಲಿ ಹೆಚ್ಚಿನವು ಸ್ಟೋರ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಹಾಗಾಗಿ ಕಳೆದುಕೊಂಡೆವು ಅನ್ನುವ ಭಯ ಬೇಡ. ಸ್ಟಾರ್ಟ್ ಮೆನುವಿನಲ್ಲಿ ಕಾಣುವ ಕೆಲವು ಚಿತ್ರಗಳು ನಿಜವಾದ ಆ್ಯಪ್ಪೇ ಅಲ್ಲ, ಬರೀ ಬಾಗಿಲ ಬೋರ್ಡು. ಒತ್ತಿದರೆ ಮಾತ್ರ ಡೌನ್‌ಲೋಡ್ ಆಗುತ್ತದೆ. ಅವನ್ನು ರೈಟ್ ಕ್ಲಿಕ್ ಮಾಡಿ ಕಿತ್ತುಹಾಕಿ, ಒತ್ತಬೇಡಿ.

ಹಳೆಯ ಮಾದರಿಯ ಪ್ರೋಗ್ರಾಮ್‌ಗಳು ತೆಗೆಯುವಾಗ ತಮ್ಮದೇ ಒಂದು ಕಿಟಕಿ ತೋರಿಸುತ್ತವೆ. ಅಲ್ಲಿ ಓದಿ ಒತ್ತಬೇಕು. ದೊಡ್ಡ ಬಣ್ಣದ ಬಟನ್ ಇರುವುದು "ಇರಲಿ ಬಿಡಿ, ಅರ್ಧ ಬೆಲೆಗೆ ಕೊಡುತ್ತೇವೆ" ಅನ್ನುವುದಕ್ಕೆ. ತೆಗೆಯಿರಿ ಅನ್ನುವ ಅಕ್ಷರ ಬೂದು ಬಣ್ಣದಲ್ಲಿ ಮೂಲೆಯಲ್ಲಿ ಅಡಗಿರುತ್ತದೆ. ಸಂತೆಯಲ್ಲಿ ಬೇಡ ಅಂದಷ್ಟೂ ಕೈ ಹಿಡಿದು ಎಳೆಯುವ ವ್ಯಾಪಾರಿಯ ಹಾಗೆ.

ಪರೀಕ್ಷಾರ್ಥ ಅಂತ ಬಂದಿರುವ ಆ್ಯಂಟಿವೈರಸ್ ಬಗ್ಗೆ ಬೇರೆಯೇ ಹೇಳಬೇಕು. ಒಂದು ತಿಂಗಳೋ ಎರಡು ತಿಂಗಳೋ ಪುಕ್ಕಟೆ, ಆಮೇಲೆ ದುಡ್ಡು ಕೊಡಿ ಅಂತ ಪ್ರತಿ ದಿನ ಎದೆಗೆ ಬಂದು ನಿಲ್ಲುತ್ತದೆ. 4 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಅದೊಂದು ಹೊರೆ. ಅದನ್ನು ತೆಗೆದರೆ ವೈರಸ್ ಬರುತ್ತದಲ್ಲ ಅಂತ ನಾನೂ ಹೆದರಿದ್ದೆ. ಆದರೆ ವಿಂಡೋಸ್ ಒಳಗೇ ಡಿಫೆಂಡರ್ ಇದೆ, ಹೊರಗಿನದ್ದು ಹೋದ ಕೂಡಲೇ ಅದು ತಾನಾಗಿಯೇ ಎದ್ದು ಕೂರುತ್ತದೆ. ತೆಗೆದು ರೀಸ್ಟಾರ್ಟ್ ಮಾಡಿ, ವಿಂಡೋಸ್ ಸೆಕ್ಯುರಿಟಿ ತೆರೆದು ಹಸಿರು ಗುರುತು ಇದೆಯಾ ಅಂತ ನೋಡಿಕೊಳ್ಳಿ, ಅಷ್ಟು ಸಾಕು. ಮಾಮೂಲಿ ದಾರಿಯಲ್ಲಿ ಪೂರ್ತಿ ಹೋಗದಿದ್ದರೆ ಆ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ತೆಗೆಯುವುದಕ್ಕೆಂದೇ ಒಂದು ಟೂಲ್ ಇರುತ್ತದೆ, ಅದನ್ನೇ ತನ್ನಿ. ಬೇರೆ ಕಡೆಯಿಂದ ಬೇಡ.

ಇವಕ್ಕೆ ಕತ್ತಿ ತಾಗಿಸಬೇಡಿ

ಕಪಾತು ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಕತ್ತಿ ಬೀಸಲು ಯಾರಿಗಾದರೂ ಬರುತ್ತದೆ, ಯಾವ ಕೊಂಬೆ ಬಿಡಬೇಕು ಅನ್ನುವುದೇ ಕೆಲಸ. ನಾನು ಮಾಡಿದ ಮೊದಲ ಎಡವಟ್ಟು ಇಲ್ಲೇ. ಪಟ್ಟಿಯಲ್ಲಿ ಯಾವುದೋ ಅರ್ಥವಾಗದ ಇಂಗ್ಲಿಷ್ ಹೆಸರು ಕಂಡಿತು, ನಾನಂತೂ ಇದನ್ನು ಹಾಕಿಲ್ಲ ಅಂದುಕೊಂಡು ತೆಗೆದೆ. ರೀಸ್ಟಾರ್ಟ್ ಆದ ಮೇಲೆ ಬಾಣದ ಗುರುತು ಅಲ್ಲಾಡಲೇ ಇಲ್ಲ. ಅದು ಟಚ್‌ಪ್ಯಾಡಿನ ಡ್ರೈವರ್ ಆಗಿತ್ತು. ಜುಲೈ ತಿಂಗಳು, ಹೊರಗೆ ಮಳೆ ಸುರಿಯುತ್ತಿದೆ, ಮರುದಿನ ಬಟವಾಡೆ, ಆಫೀಸಿನಲ್ಲಿ ಮೌಸ್ ಇಲ್ಲ. ಟ್ಯಾಬ್ ಕೀ ಒತ್ತಿ ಒತ್ತಿ ಆ ವಾರದ ಲೆಕ್ಕ ಮುಗಿಸಿದೆ. ಆಮೇಲೆ ವಿಂಡೋಸ್ ಅಪ್‌ಡೇಟ್ ಒಳಗೆ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಆಪ್ಷನಲ್ ಅಪ್‌ಡೇಟ್ಸ್ ಅನ್ನುವ ಜಾಗದಲ್ಲಿ ಅದು ಮತ್ತೆ ಸಿಕ್ಕಿತು.

ಹಾಗಾಗಿ ಇಂಟೆಲ್, ಎಎಂಡಿ, ರಿಯಲ್‌ಟೆಕ್, ಸಿನಾಪ್ಟಿಕ್ಸ್, ಇಲಾನ್ ಅನ್ನುವ ಹೆಸರಿದ್ದರೆ ಬಿಟ್ಟುಬಿಡಿ. ಅವು ಪರದೆ, ಸದ್ದು, ವೈಫೈ, ಟಚ್‌ಪ್ಯಾಡ್ ನಡೆಸುವವು. ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಅಂತ ಬೇರೆ ಬೇರೆ ವರ್ಷದ ಹೆಸರಿನಲ್ಲಿ ನಾಲ್ಕೈದು ಕಾಣುತ್ತವೆ. ಒಂದೇ ಸಾಮಾನು ನಾಲ್ಕು ಸಲ ಬಂದಿದೆ ಅನ್ನಿಸುತ್ತದೆ, ಹಾಗಲ್ಲ, ಬೇರೆ ಬೇರೆ ಪ್ರೋಗ್ರಾಮ್‌ಗಳು ಬೇರೆ ಬೇರೆಯದರ ಮೇಲೆ ನಿಂತಿರುತ್ತವೆ. ವೆಬ್‌ವ್ಯೂ ಅನ್ನುವುದೂ ಹಾಗೇ. ಎಡ್ಜ್ ಬ್ರೌಸರ್ ಬೇಡ ಅಂದರೂ ನಮ್ಮ ದೇಶದಲ್ಲಿ ಅದರ ಅನ್‌ಇನ್‌ಸ್ಟಾಲ್ ಬಟನ್ ಸಿಗುವುದಿಲ್ಲ. ಯುರೋಪಿನಲ್ಲಿ ಕಾನೂನು ಬಂದು 2024ರಿಂದ ಅಲ್ಲಿಯವರಿಗೆ ಸಿಕ್ಕಿದೆ. ಯಾರೋ ಕೊಟ್ಟ ಸ್ಕ್ರಿಪ್ಟ್ ಓಡಿಸಿ ಅದನ್ನು ಕಿತ್ತುಹಾಕಲು ಹೋಗಬೇಡಿ, ಸುಮ್ಮನಿರಿಸಿದರೆ ಸಾಕು, ಹೇಗೆ ಅಂತ ಮುಂದೆ ಹೇಳುತ್ತೇನೆ.

ಆಫೀಸ್ ಬಗ್ಗೆ ಜಾಗ್ರತೆ. ಕೆಲವು ಲ್ಯಾಪ್‌ಟಾಪ್ ಜೊತೆ ಆಫೀಸ್ ಹೋಂ ಆ್ಯಂಡ್ ಸ್ಟೂಡೆಂಟ್ ಜೀವನಪೂರ್ತಿಗೆ ಬಂದಿರುತ್ತದೆ, ಅದಕ್ಕೆ ದುಡ್ಡು ಬಿಲ್ಲಿನಲ್ಲೇ ಸೇರಿರುತ್ತದೆ. ಅದನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಸೇರಿಸಿಕೊಂಡಿದ್ದೀರಾ ಅಂತ ನೋಡದೆ ತೆಗೆಯಬೇಡಿ. ಲೆಕ್ಕದ ಪ್ರೋಗ್ರಾಮ್ ಟ್ಯಾಲಿ ಇದ್ದರೆ ಅದರ ಡೇಟಾ ಫೋಲ್ಡರ್ ಎಲ್ಲಿದೆ ಅಂತ ತಿಳಿದು ಮೊದಲು ಅದನ್ನು ನಕಲು ಮಾಡಿ. ಸಾಹುಕಾರರ ಡಿಜಿಟಲ್ ಸಹಿಯ ಟೋಕನ್, ಅದೇ ಪೆನ್‌ಡ್ರೈವ್ ಥರ ಇರುವುದು, ಅದರ ಡ್ರೈವರ್ ವರ್ಷಕ್ಕೆ ನಾಲ್ಕು ಸಲವೂ ಬಳಕೆಯಾಗದೆ ಇರಬಹುದು. ಆದರೆ ಬೇಕಾದ ದಿನ ಅದೇ ಬೇಕು. ಪ್ರಿಂಟರಿನದ್ದು ಎರಡು ಭಾಗ: ಡ್ರೈವರ್ ಇರಲಿ, ಅದರ ಬೆನ್ನಿಗೆ ಬಂದ ಇಂಕ್ ಮಾರುವ ಆ್ಯಪ್ ಹೋಗಲಿ.

ನುಡಿ, ಬರಹ ಸಾಫ್ಟ್‌ವೇರ್‌ಗಳ ವಿಷಯ

ಇದು ನಮ್ಮಂಥ ಭಾಷೆಯವರಿಗೆ ಬರುವ ತೊಂದರೆ, ಆದ್ದರಿಂದ ಇಂಗ್ಲಿಷ್ ವಿಡಿಯೋಗಳಲ್ಲಿ ಇದನ್ನು ಹೇಳುವುದು ಕಡಿಮೆ. ಕನ್ನಡದಲ್ಲಿ ಟೈಪ್ ಮಾಡಲು ಈಗ ಬೇರೆ ಏನೂ ಹಾಕಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಅಲ್ಲಿ ಭಾಷೆಗೆ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸಿಗುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಫೊನೆಟಿಕ್ ಕೀಲಿಮಣೆಯೂ 2019ರಿಂದ ವಿಂಡೋಸ್ ಒಳಗೇ ಇದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷಿಗೂ ಕನ್ನಡಕ್ಕೂ ಓಡಾಡಬಹುದು. ತುಂಗಾ, ನಿರ್ಮಲಾ ಫಾಂಟ್‌ಗಳು ಮೈಕ್ರೋಸಾಫ್ಟಿನವೇ.

ಹಾಗಂತ ನುಡಿಯನ್ನೋ ಬರಹವನ್ನೋ ಕೂಡಲೇ ತೆಗೆಯಬೇಡಿ. ಹತ್ತು ಹದಿನೈದು ವರ್ಷದ ಹಿಂದಿನ ಅರ್ಜಿ, ಒಪ್ಪಂದ, ಪಂಚಾಯಿತಿಗೆ ಬರೆದ ಪತ್ರ ಎಲ್ಲ ಹಳೆಯ ನುಡಿ ಫಾಂಟಿನಲ್ಲಿ, ಅಂದರೆ ಈಗಿನ ಎಲ್ಲ ಯಂತ್ರಗಳೂ ಓದುವ ಯುನಿಕೋಡ್ ಅಲ್ಲದ ಅಕ್ಷರದಲ್ಲಿ ಇರುತ್ತವೆ. ಆ ಫಾಂಟ್ ಯಂತ್ರದಿಂದ ಹೋದರೆ ಪತ್ರ ಪೂರ್ತಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಫೈಲ್ ಕೆಟ್ಟಿರುವುದಿಲ್ಲ, ಓದುವ ಕನ್ನಡಕ ಹೋಗಿರುತ್ತದೆ ಅಷ್ಟೇ. ಮೊದಲು ಆ ಹಳೆಯ ಪತ್ರಗಳನ್ನು ಯುನಿಕೋಡಿಗೆ ಬದಲಾಯಿಸಿ, ಅಥವಾ ಪಿಡಿಎಫ್ ಮಾಡಿ ಇಡಿ. ಆಮೇಲೆ ಯೋಚಿಸಿ. ನುಡಿಯ ಕೀಲಿಮಣೆಗೇ ಬೆರಳು ಒಗ್ಗಿ ಹೋಗಿದ್ದರೆ ಅದನ್ನು ಬಿಡುವುದೇ ಬೇಡ, ಅದು ತಿನ್ನುವ ಜಾಗ ಎಷ್ಟು ಮಹಾ.

ಒನ್‌ಡ್ರೈವ್: ಇಲ್ಲೇ ನನ್ನ ಎದೆ ಒಡೆದದ್ದು

ನನ್ನ ಎರಡನೆಯ ಎಡವಟ್ಟು. ಒನ್‌ಡ್ರೈವ್, ಅಂದರೆ ಫೈಲುಗಳನ್ನು ಇಂಟರ್ನೆಟ್ಟಿನಲ್ಲಿ ಇಡುವ ಮೈಕ್ರೋಸಾಫ್ಟಿನ ಸೇವೆ, ದಿನಾ "ಜಾಗ ತುಂಬಿದೆ, ಕೊಂಡುಕೊಳ್ಳಿ" ಅನ್ನುತ್ತಿತ್ತು. ಇದೂ ಒಂದು ಜಾಹೀರಾತು ಅಂದುಕೊಂಡು ಅನ್‌ಇನ್‌ಸ್ಟಾಲ್ ಒತ್ತಿದೆ. ಮರುದಿನ ಕಳೆದ ಮಾರ್ಚಿನ ಚೆಕ್‌ರೋಲ್ ತೆರೆಯಲು ಹೋದರೆ ತೆರೆಯುತ್ತಿಲ್ಲ. ಹೆಸರು ಕಾಣುತ್ತಿದೆ, ಒಳಗೆ ಏನೂ ಇಲ್ಲ. ಕೈಕಾಲು ತಣ್ಣಗಾಯಿತು.

ಆದದ್ದು ಇಷ್ಟು. ಹೊಸ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಶುರು ಮಾಡಿದಾಗ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಒನ್‌ಡ್ರೈವ್ ತನ್ನ ಮಡಿಲಿಗೆ ಹಾಕಿಕೊಂಡಿರಬಹುದು. ಆಮೇಲೆ ಯಂತ್ರದಲ್ಲಿ ಜಾಗ ಉಳಿಸಲು ಕೆಲವು ಫೈಲುಗಳನ್ನು ಮೇಲೆ ಇಂಟರ್ನೆಟ್ಟಿನಲ್ಲಿ ಮಾತ್ರ ಇಟ್ಟು, ಇಲ್ಲಿ ಬರೀ ಹೆಸರು ಬಿಟ್ಟಿರುತ್ತದೆ. ಫೈಲಿನ ಪಕ್ಕ ಮೋಡದ ಗುರುತು ಇದ್ದರೆ ಅದು ಮೇಲಿದೆ. ಹಸಿರು ಗುರುತು ಇದ್ದರೆ ಇಲ್ಲಿದೆ. ಒನ್‌ಡ್ರೈವ್ ತೆಗೆದರೆ ಮೋಡದವು ಇಳಿಯುವ ದಾರಿಯೇ ಇಲ್ಲ. ಫೈಲು ಹೋಗಿರಲಿಲ್ಲ, ಬ್ರೌಸರಿನಲ್ಲಿ ಒನ್‌ಡ್ರೈವ್ ತೆರೆದು ಲಾಗಿನ್ ಆದಾಗ ಎಲ್ಲ ಅಲ್ಲೇ ಇದ್ದವು. ಆದರೆ ಪಾಸ್‌ವರ್ಡ್ ಯಾರಿಗೆ ನೆನಪಿದೆ? ಅದನ್ನು ಮರಳಿ ಪಡೆಯಲು ಸಾಹುಕಾರರ ಮಗ ಬೆಂಗಳೂರಿನಿಂದ ಫೋನಿನಲ್ಲಿ ಓಟಿಪಿ ಹೇಳಬೇಕಾಯಿತು, ನೆಟ್‌ವರ್ಕ್ ಸಿಗುವ ಗೇಟಿನ ಹತ್ತಿರ ಕೊಡೆ ಹಿಡಿದು ನಾನು ನಿಂತಿದ್ದೆ.

ಸರಿಯಾದ ಕ್ರಮ ಹೀಗೆ. ಒನ್‌ಡ್ರೈವ್ ಫೋಲ್ಡರ್ ತೆರೆದು ಬೇಕಾದ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, "ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್" ಅನ್ನುವುದನ್ನು ಆರಿಸಿ. ಎಲ್ಲ ಇಳಿದು ಹಸಿರು ಆಗುವವರೆಗೆ ಕಾಯಿರಿ. ನಮ್ಮ ನೆಟ್‌ವರ್ಕಿಗೆ ರಾತ್ರಿಯಿಡೀ ಬೇಕಾಗಬಹುದು. ಪೆನ್‌ಡ್ರೈವಿಗೆ ನಕಲು ಮಾಡಿ. ಆಮೇಲೆ ಕೆಳಗಿನ ಮೂಲೆಯಲ್ಲಿ ಮೋಡದ ಐಕಾನ್ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ಸಿಂಕ್ ಆ್ಯಂಡ್ ಬ್ಯಾಕಪ್‌ನಲ್ಲಿ ಮ್ಯಾನೇಜ್ ಬ್ಯಾಕಪ್ ತೆರೆದು ಮೂರು ಫೋಲ್ಡರನ್ನೂ ಆಫ್ ಮಾಡಿ. ಆಗ ಡೆಸ್ಕ್‌ಟಾಪ್ ಬೋಳಾಗಿ ಕಂಡರೆ ಹೆದರಬೇಡಿ, ಫೈಲುಗಳು ಒನ್‌ಡ್ರೈವ್ ಫೋಲ್ಡರಿನೊಳಗೆ ಕೂತಿರುತ್ತವೆ, ಅಲ್ಲಿಂದ ಎತ್ತಿ ನಿಮ್ಮ ಫೋಲ್ಡರಿಗೆ ನಕಲು ಮಾಡಿಕೊಳ್ಳಿ. ಇದಾದ ಮೇಲೆ ಅಕೌಂಟ್‌ನಲ್ಲಿ ಅನ್‌ಲಿಂಕ್. ಕೊನೆಗೆ ಅನ್‌ಇನ್‌ಸ್ಟಾಲ್. ಈ ಅನ್‌ಲಿಂಕ್‌ಗೆ ಮುಂಚೆ ಆ ಫೋಲ್ಡರಿನಲ್ಲಿ ಏನಾದರೂ ಡಿಲೀಟ್ ಮಾಡಿದರೆ ಅದು ಮೇಲಿನಿಂದಲೂ ಹೋಗುತ್ತದೆ. ವೈಯಕ್ತಿಕ ಖಾತೆಯಲ್ಲಿ 30 ದಿನ ಅಲ್ಲಿನ ಕಸದ ಬುಟ್ಟಿಯಲ್ಲಿ ಇರುತ್ತದೆ, ಆಮೇಲೆ ಇಲ್ಲ.

ಪುಕ್ಕಟೆ ಸಿಗುವುದು ಬರೀ 5 ಜಿಬಿ. ಮದುವೆಯ ಒಂದು ಆಲ್ಬಮ್ ಹಾಕಿದರೆ ಮುಗಿಯಿತು. ನನಗೆ ಕೇಳಿದರೆ, ಲೆಕ್ಕದ ಫೋಲ್ಡರ್ ಒಂದನ್ನು ಮಾತ್ರ ಅದರಲ್ಲಿ ಬಿಟ್ಟು ಉಳಿದದ್ದನ್ನು ಹೊರಗೆ ತಂದರೆ ಒನ್‌ಡ್ರೈವ್ ತೆಗೆಯುವುದೇ ಬೇಕಿಲ್ಲ. ನಾನೀಗ ಹಾಗೇ ಇಟ್ಟಿದ್ದೇನೆ.

ತೆಗೆಯದೆಯೂ ಸುಮ್ಮನಿರಿಸಬಹುದು

ನಿಜ ಹೇಳಬೇಕು ಅಂದರೆ ನನ್ನ ಲ್ಯಾಪ್‌ಟಾಪ್ ಚುರುಕಾದದ್ದು ಆ್ಯಪ್ ತೆಗೆದದ್ದಕ್ಕಿಂತ ಇದರಿಂದ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಸ್ಟಾರ್ಟಪ್ ಆ್ಯಪ್ಸ್. ಲ್ಯಾಪ್‌ಟಾಪ್ ಎದ್ದ ಕೂಡಲೇ ಕರೆಯದೇ ಬಂದು ಕೂರುವವರ ಪಟ್ಟಿ ಅದು. ಪಕ್ಕದಲ್ಲಿ ಯಾವುದರ ಭಾರ ಎಷ್ಟು ಅಂತ ಹೈ, ಮೀಡಿಯಂ, ಲೋ ಅಂತ ಬರೆದಿರುತ್ತದೆ. ಬೇಡದ್ದನ್ನು ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಮಾಡಿ. ಆ್ಯಪ್ ಹೋಗುವುದಿಲ್ಲ, ನೀವು ಕರೆದಾಗ ಮಾತ್ರ ಬರುತ್ತದೆ. ಹೆಸರು ಗೊತ್ತಾಗದಿದ್ದರೆ ಅದೇ ರೈಟ್ ಕ್ಲಿಕ್‌ನಲ್ಲಿ ಆನ್‌ಲೈನ್ ಹುಡುಕುವ ಆಯ್ಕೆ ಇದೆ. ಸೆಕ್ಯುರಿಟಿಯದ್ದು, ಸದ್ದಿನದ್ದು, ಟಚ್‌ಪ್ಯಾಡಿನದ್ದು ಬಿಟ್ಟು ನಾನು ಹೆಚ್ಚುಕಡಿಮೆ ಎಲ್ಲವನ್ನೂ ನಿಲ್ಲಿಸಿದ್ದೇನೆ.

ಸ್ಟೋರಿನಿಂದ ಬಂದ ಆ್ಯಪ್‌ಗಳಿಗೆ ಇನ್ನೊಂದು ಲಗಾಮು ಇದೆ. ಇನ್‌ಸ್ಟಾಲ್ಡ್ ಆ್ಯಪ್ಸ್‌ನಲ್ಲಿ ಮೂರು ಚುಕ್ಕಿ ಒತ್ತಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ, ಬ್ಯಾಕ್‌ಗ್ರೌಂಡ್ ಪರ್ಮಿಷನ್ ಅನ್ನುವಲ್ಲಿ ನೆವರ್ ಅಂತ ಇಡಿ. ಎಡ್ಜ್ ಮತ್ತು ಕ್ರೋಮ್ ಎರಡರಲ್ಲೂ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ, ಬ್ರೌಸರ್ ಮುಚ್ಚಿದ ಮೇಲೂ ಹಿಂದೆ ಓಡುತ್ತಿರಲಿ ಅನ್ನುವ ಒಂದು ಸ್ವಿಚ್ ಇದೆ. ಆಫ್. ಎಡ್ಜ್‌ನಲ್ಲಿ ಸ್ಟಾರ್ಟಪ್ ಬೂಸ್ಟ್ ಅಂತ ಇನ್ನೊಂದು. ಅದೂ ಆಫ್. ಟಾಸ್ಕ್‌ಬಾರ್‌ನ ವಿಜೆಟ್ಸ್ ಕೂಡ ತೆಗೆಯಿರಿ, ಮಡಿಕೇರಿಯಲ್ಲಿ ಮಳೆ ಬರುತ್ತಿದೆ ಅಂತ ಲ್ಯಾಪ್‌ಟಾಪ್ ಹೇಳಬೇಕಾ, ಕಿಟಕಿ ಇದೆ.

ಜಾಗಕ್ಕೆ ಸ್ಟೋರೇಜ್‌ನಲ್ಲಿ ಕ್ಲೀನಪ್ ರೆಕಮೆಂಡೇಷನ್ಸ್ ನೋಡಿ. ದೊಡ್ಡ ಅಪ್‌ಡೇಟ್ ಆದ ಮೇಲೆ ಹಳೆಯ ವಿಂಡೋಸ್‌ನ ನಕಲು ಕೆಲವು ಜಿಬಿ ತಿಂದು ಕೂತಿರುತ್ತದೆ. 10 ದಿನದ ನಂತರ ಅದು ತಾನಾಗಿಯೇ ಹೋಗುತ್ತದೆ, ಎಲ್ಲ ಸರಿ ಇದೆ ಅನ್ನಿಸಿದರೆ ಮುಂಚೆಯೇ ತೆಗೆಯಬಹುದು. ಆದರೆ ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತಲೂ ಒಂದು ಚೌಕ ಇರುತ್ತದೆ. ವಾಟ್ಸ್ಆ್ಯಪ್ಪಿನಲ್ಲಿ ಬಂದ ಬಿಲ್ಲುಗಳನ್ನೆಲ್ಲ ಅಲ್ಲೇ ಇಟ್ಟುಕೊಳ್ಳುವವರು ನಾವು. ಅದಕ್ಕೆ ಟಿಕ್ ಹಾಕಬೇಡಿ.

ಆ್ಯಪ್ ಅಲ್ಲದ ಆ್ಯಪ್

ಒಂದು ದಿನ ಸಾಹುಕಾರರು "ಇದರಲ್ಲಿ ಐದು ವೈರಸ್ ಇದೆಯಂತೆ ನೋಡು" ಅಂತ ಗಾಬರಿಯಿಂದ ಕರೆದರು. ಬಲಗಡೆ ಮೂಲೆಯಲ್ಲಿ ಕೆಂಪು ಕೆಂಪಾಗಿ ಏನೋ ಬರುತ್ತಿತ್ತು. ಇನ್‌ಸ್ಟಾಲ್ಡ್ ಆ್ಯಪ್ಸ್ ಪೂರ್ತಿ ಹುಡುಕಿದೆ, ಏನೂ ಇಲ್ಲ. ಆಮೇಲೆ ತಿಳಿಯಿತು, ಅದು ಆ್ಯಪ್ಪೇ ಅಲ್ಲ, ಬ್ರೌಸರಿನ ನೋಟಿಫಿಕೇಷನ್. ಕಾಳುಮೆಣಸಿನ ರೇಟು ನೋಡಲು ಯಾವುದೋ ಸೈಟಿಗೆ ಹೋದಾಗ ಅಲೋ ಅಂತ ಒತ್ತಿಬಿಟ್ಟಿದ್ದಾರೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಪರ್ಮಿಷನ್ಸ್, ಅದರಲ್ಲಿ ನೋಟಿಫಿಕೇಷನ್ಸ್ ತೆರೆದು, ಅಲೋ ಪಟ್ಟಿಯಲ್ಲಿರುವ ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದೆ. ಇನ್ನು ಯಾರೂ ಕೇಳುವ ಹಾಗಿಲ್ಲ ಅಂತ ಮೇಲಿನ ಸ್ವಿಚ್ ಅನ್ನೂ ಆಫ್ ಮಾಡಿದೆ. ವೈರಸ್ ಅವತ್ತೇ ವಾಸಿ. ಹಾಗೇ ಬ್ರೌಸರಿನ ಎಕ್ಸ್‌ಟೆನ್ಷನ್‌ಗಳನ್ನೂ ಒಮ್ಮೆ ನೋಡಿ, ಕೂಪನ್ ಹುಡುಕಿಕೊಡುತ್ತೇನೆ, ಪಿಡಿಎಫ್ ಮಾಡಿಕೊಡುತ್ತೇನೆ ಅಂತ ಬಂದವು ಅಲ್ಲಿ ಅಡಗಿರುತ್ತವೆ.

ಇದರ ಮೇಲೆ ಯಾರಾದರೂ ಪಿಸಿ ಚುರುಕು ಮಾಡುವ ಸಾಫ್ಟ್‌ವೇರ್, ರಿಜಿಸ್ಟ್ರಿ ಕ್ಲೀನರ್ ಹಾಕಿ ಅಂದರೆ ಬೇಡ ಅನ್ನಿ. ಕಸ ಗುಡಿಸಲು ಕಸ ತಂದ ಹಾಗೆ. ರಿಜಿಸ್ಟ್ರಿ ಕ್ಲೀನರ್ ಬಳಕೆಗೆ ಮೈಕ್ರೋಸಾಫ್ಟ್ ಬೆಂಬಲ ಕೊಡುವುದೇ ಇಲ್ಲ.

ಮತ್ತೆ ಚಿಗುರದ ಹಾಗೆ

ತೆಗೆದದ್ದು ಮಳೆಗಾಲದ ಚಿಗುರಿನ ಹಾಗೆ ಮತ್ತೆ ಬರುತ್ತದೆ. ಅದಕ್ಕೆ ಒಂದು ಒಳ್ಳೆ ಬೀಗ ಇದೆ, ತುಂಬಾ ಜನರಿಗೆ ಗೊತ್ತಿಲ್ಲ. ಸೆಟ್ಟಿಂಗ್ಸ್, ಆ್ಯಪ್ಸ್, ಅಡ್ವಾನ್ಸ್ಡ್ ಆ್ಯಪ್ ಸೆಟ್ಟಿಂಗ್ಸ್, ಅಲ್ಲಿ ಆ್ಯಪ್ ಎಲ್ಲಿಂದ ತರಬಹುದು ಅನ್ನುವ ಪ್ರಶ್ನೆಗೆ ಮೈಕ್ರೋಸಾಫ್ಟ್ ಸ್ಟೋರ್ ಓನ್ಲಿ ಅಂತ ಇಡಿ. ಹೊರಗಿನಿಂದ ತಂದ ಫೈಲ್ ಒತ್ತಿದರೆ ತಡೆಯುತ್ತದೆ. ನಿಮಗೆ ಬೇಕಾದಾಗ ಸಡಿಲಿಸಬಹುದು. ಅಪ್ಪ ಅಮ್ಮನ ಲ್ಯಾಪ್‌ಟಾಪಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಮಕ್ಕಳಿಗೆ ಅಡ್ಮಿನ್ ಅಲ್ಲದ ಬೇರೆ ಖಾತೆ ಮಾಡಿಕೊಡಿ. ಸ್ಟಾರ್ಟ್ ಮೆನುವಿನ ರೆಕಮೆಂಡೇಷನ್, ನೋಟಿಫಿಕೇಷನ್ಸ್‌ನ ಟಿಪ್ಸ್ ಎರಡನ್ನೂ ಆಫ್ ಮಾಡಿ.

ಕ್ರೋಮ್‌ಬುಕ್, ಅಂದರೆ ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಲ್ಯಾಪ್‌ಟಾಪ್, ಇದ್ದವರಿಗೆ ಎರಡೇ ಮಾತು. ಲಾಂಚರ್‌ನಲ್ಲಿ ಆ್ಯಪ್ ಮೇಲೆ ಎರಡು ಬೆರಳಿನಲ್ಲಿ ಒತ್ತಿ ಅನ್‌ಇನ್‌ಸ್ಟಾಲ್ ಮಾಡಿ. ಆಂಡ್ರಾಯ್ಡ್ ಆ್ಯಪ್ ಒಂದೂ ಬೇಡ ಅಂದರೆ ಸೆಟ್ಟಿಂಗ್ಸ್‌ನ ಆ್ಯಪ್ಸ್‌ನಲ್ಲಿ ಪ್ಲೇ ಸ್ಟೋರ್ ಅನ್ನೇ ತೆಗೆಯಬಹುದು, ಆದರೆ ಅದರ ಜೊತೆ ಆ ಆ್ಯಪ್‌ಗಳ ಡೇಟಾ ಕೂಡ ಹೋಗುತ್ತದೆ. ಅಕ್ಕನ ಮಗಳಿಗೆ ಶಾಲೆಯಿಂದ ಕೊಟ್ಟದ್ದರಲ್ಲಿ ಕೆಲವು ಆ್ಯಪ್ ತೆಗೆಯಲು ಆಗಲೇ ಇಲ್ಲ. ಶಾಲೆಯ ಖಾತೆಯಲ್ಲಿ ಅವರು ಹಾಕಿದ್ದನ್ನು ಅವರೇ ತೆಗೆಯಬೇಕು, ಅದು ಕೆಟ್ಟಿಲ್ಲ.

ಏನು ಮಾಡಿದರೂ ಸರಿ ಹೋಗದಿದ್ದರೆ ಕೊನೆಗೆ ರೀಸೆಟ್ ದಿಸ್ ಪಿಸಿ, ಸಿಸ್ಟಮ್ ಒಳಗೆ ರಿಕವರಿಯಲ್ಲಿದೆ. ಕೀಪ್ ಮೈ ಫೈಲ್ಸ್ ಆರಿಸಿದರೂ ಬ್ಯಾಕಪ್ ಇಲ್ಲದೆ ಮಾಡಬೇಡಿ, ನೀವು ಹಾಕಿಕೊಂಡ ಪ್ರೋಗ್ರಾಮ್‌ಗಳೆಲ್ಲ ಹೋಗುತ್ತವೆ. ಕಂಪನಿಯ ಆ್ಯಪ್‌ಗಳನ್ನು ಮತ್ತೆ ತರಬೇಕಾ ಅಂತ ಒಂದು ಪ್ರಶ್ನೆ ಕೇಳಿದರೆ ನೋ ಅನ್ನಿ, ಆ ಪ್ರಶ್ನೆ ಸಣ್ಣ ಅಕ್ಷರದಲ್ಲಿ ಚೇಂಜ್ ಸೆಟ್ಟಿಂಗ್ಸ್ ಒಳಗೆ ಅಡಗಿರುತ್ತದೆ. ಕ್ಲೌಡ್ ಡೌನ್‌ಲೋಡ್ ಬದಲು ಲೋಕಲ್ ರೀಇನ್‌ಸ್ಟಾಲ್ ಆರಿಸಿ, ಕ್ಲೌಡ್‌ಗೆ 4 ಜಿಬಿಗಿಂತ ಜಾಸ್ತಿ ಡೇಟಾ ಬೇಕು. ನಾನು ಇದನ್ನು ಮಾಡಿದ್ದು ಕೊಡಗಿನ ಹಬ್ಬ ಕೈಲ್ ಪೊಳ್ದ್ ರಜೆಯಲ್ಲಿ, ಮಳೆ ಸ್ವಲ್ಪ ಹೊಳವಾಗಿದ್ದ ದಿನ, ಇನ್ವರ್ಟರ್ ತುಂಬಿಸಿಕೊಂಡು. ಬೆಳಿಗ್ಗೆ ಶುರು ಮಾಡಿದ್ದು ಊಟದ ಹೊತ್ತಿಗೆ ಮುಗಿಯಿತು.